ಸೊಂಟ ನೋವು: ಬಗ್ಗಿ ದುಡಿಯೋ ರೈತರಿಗೆ 20 ನಿಮಿಷದ ಲೆಕ್ಕ, 15 ನಿಮಿಷದ ವ್ಯಾಯಾಮ

ಜನವರಿ ಬಂತು ಅಂದ್ರೆ ಗುಂಡ್ಲುಪೇಟೆ, ಚಾಮರಾಜನಗರ ಕಡೆ ಅರಿಶಿನ ಕೀಳೋ ಕೆಲಸ ಶುರು. ಅಗೆಯೋದು, ಗೆಡ್ಡೆ ಆಯೋದು, ಮಣ್ಣು ಉದುರಿಸೋದು, ಮೂಟೆ ಕಟ್ಟೋದು, ಬೇಯಿಸೋ ಜಾಗಕ್ಕೆ ಸಾಗಿಸೋದು. ಇದರಲ್ಲಿ ನೆಟ್ಟಗೆ ನಿಂತು ಮಾಡೋ ಕೆಲಸ ಒಂದಾದ್ರೂ ಇದೆಯಾ, ನೋಡಿ. ಅರಿಶಿನ ಮುಗೀತು ಅಂದ್ರೆ ಟೊಮ್ಯಾಟೊ, ಬೀನ್ಸ್, ಸಣ್ಣ ಈರುಳ್ಳಿ, ಚೆಂಡು ಹೂ. ವರ್ಷಪೂರ್ತಿ ಬಗ್ಗೋದೇ.

ಎರಡು ವರ್ಷದ ಹಿಂದೆ ಇದೇ ಸಮಯದಲ್ಲಿ ನನ್ನ ಸೊಂಟ ಹಿಡ್ಕೊಂಡಿತ್ತು. ಬೆಳಗ್ಗೆ ಆರೂವರೆಗೆ ಹೊಲಕ್ಕೆ ಹೋಗಿ, ಒಂದೂವರೆ ಗಂಟೆ ತಲೆ ಎತ್ತದೆ ಗೆಡ್ಡೆ ಆಯ್ದು, ಎದ್ದವನೇ ಹಸಿ ಅರಿಶಿನದ ಮೂಟೆಗೆ ಕೈ ಹಾಕಿದೆ. ಎತ್ತಿ ಪಕ್ಕಕ್ಕೆ ತಿರುಗೋ ಹೊತ್ತಿಗೆ ಸೊಂಟದಲ್ಲಿ ಚಳುಕು ಹೊಡೀತು, ಅಲ್ಲೇ ಕೂತ್ಬಿಟ್ಟೆ. ಮೂರು ದಿನ ಹಾಸಿಗೆ ಬಿಟ್ಟು ಏಳಲಿಲ್ಲ. ಮೂಟೆ ಭಾರ ಜಾಸ್ತಿಯಾಯ್ತು, ಅದಕ್ಕೇ ಹೀಗಾಯ್ತು ಅಂತ ಅನ್ಕೊಂಡಿದ್ದೆ. ತೋಟಗಾರಿಕೆ ಓದಿದವನು ನಾನು. ಗಿಡದ ಬೇರು ಯಾಕೆ ಕೊಳೆಯುತ್ತೆ ಅಂತ ಕೇಳಿದ್ರೆ ಅರ್ಧ ಗಂಟೆ ಮಾತಾಡ್ತೀನಿ. ನನ್ನ ಬೆನ್ನು ಹೇಗೆ ಕೆಲಸ ಮಾಡುತ್ತೆ ಅನ್ನೋದು ಮಾತ್ರ ಗೊತ್ತಿರಲಿಲ್ಲ. ಆಮೇಲೆ ವೈದ್ಯರನ್ನ, ಫಿಸಿಯೋಥೆರಪಿಸ್ಟ್‌ನ ಕೇಳಿ, ಓದಿ, ನನ್ನ ಮೈಮೇಲೇ ಮಾಡಿ ನೋಡಿ ತಿಳ್ಕೊಂಡಿದ್ದನ್ನ ಈ ವಾರ ಬರೀತಿದ್ದೀನಿ.

ನೋವು ಎಲ್ಲಿಂದ ಬರುತ್ತೆ?

ಸೊಂಟ ನೋವು ನಮ್ಮೂರಿಗಷ್ಟೇ ಇರೋ ಕಾಯಿಲೆ ಅಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಲ್ಲಿ 2020ರಲ್ಲಿ ಪ್ರಪಂಚದಾದ್ಯಂತ ಸುಮಾರು 61.9 ಕೋಟಿ ಜನಕ್ಕೆ ಇದು ಇತ್ತು. ಜನ ಕೆಲಸ ಮಾಡಲಾಗದೆ ಕೂರೋದಕ್ಕೆ ಇದೇ ಮೊದಲನೇ ಕಾರಣ. ಇವರಲ್ಲಿ ನೂರಕ್ಕೆ ತೊಂಬತ್ತು ಜನಕ್ಕೆ ಮೂಳೆ ಮುರಿತ, ಸೋಂಕು, ಗಡ್ಡೆ ಅಂತ ಇಂಥದ್ದೇ ಕಾರಣ ತೋರಿಸೋಕೆ ಆಗಲ್ಲ. ಸ್ನಾಯು, ಕಟ್ಟುಗಳು, ಡಿಸ್ಕ್, ಕೀಲು ಇವೆಲ್ಲ ಸೇರಿ ತಡೆಯೋಷ್ಟಕ್ಕಿಂತ ಹೆಚ್ಚು ಹೊರೆ ಬಿದ್ದಾಗ ಬರೋ ನೋವು ಅದು. ಹಾಗಾಗಿ ಹೊರೆ ಬೀಳೋ ರೀತಿ ಬದಲಾಯಿಸಿದ್ರೆ ಬಹಳಷ್ಟು ಜನಕ್ಕೆ ಗುಣ ಕಾಣುತ್ತೆ.

ಹೊರೆ ಹೇಗೆ ಬೀಳುತ್ತೆ ಅನ್ನೋದಕ್ಕೆ ಮೂರು ವಿಷಯ ತಿಳ್ಕೊಂಡ್ರೆ ಸಾಕು.

ಮೊದಲನೇದು, ಹಾರೆಯ ಲೆಕ್ಕ. ಕಲ್ಲು ಮೀಟೋವಾಗ ಹಾರೆಯ ತುದಿ ಹಿಡಿದಷ್ಟೂ ಬಲ ಕಮ್ಮಿ ಸಾಕು ಅಂತ ನಮಗೆಲ್ಲ ಗೊತ್ತು. ಬೆನ್ನಿನಲ್ಲಿ ಇದು ಉಲ್ಟಾ ಆಗುತ್ತೆ. ಬೆನ್ನಿನ ಸ್ನಾಯು ಎಳೆಯೋದು ಬೆನ್ನುಮೂಳೆಯಿಂದ ಸುಮಾರು 5 ಸೆಂಟಿಮೀಟರ್ ದೂರದಿಂದ. 25 ಕೆಜಿ ಟೊಮ್ಯಾಟೊ ಕ್ರೇಟನ್ನ 50 ಸೆಂಟಿಮೀಟರ್ ಮುಂದೆ ಚಾಚಿ ಹಿಡಿದ್ರೆ ಸ್ನಾಯು ಅದರ ಹತ್ತರಷ್ಟು, ಅಂದ್ರೆ ಸುಮಾರು 250 ಕೆಜಿಯಷ್ಟು ಬಲ ಹಾಕಿ ಎಳೀಬೇಕು. ನಿಮ್ಮ ಮೈಭಾರ ಇನ್ನೂ ಇದರಲ್ಲಿ ಸೇರಿಲ್ಲ. ಅದೇ ಕ್ರೇಟನ್ನ ಹೊಟ್ಟೆಗೆ ಒತ್ತಿ ಹಿಡಿದ್ರೆ ಈ ಬಲ ಅರ್ಧಕ್ಕೆ ಇಳಿಯುತ್ತೆ. ಕ್ರೇಟ್ ಅದೇ, ಹಿಡಿದ ಜಾಗ ಬೇರೆ.

ಎರಡನೇದು, ಬಗ್ಗಿರೋ ಹೊತ್ತು. ಸಣ್ಣ ಭಾರವೂ ಇಲ್ಲದೆ ಬರೀ ಬಗ್ಗಿ ಕೂತಿದ್ರೂ ಬೆನ್ನುಮೂಳೆಯ ಕಟ್ಟುಗಳು ನಿಧಾನಕ್ಕೆ ಹಿಗ್ಗುತ್ತಾ ಹೋಗ್ತವೆ, ಹಳೇ ರಬ್ಬರ್ ಟ್ಯೂಬ್ ಎಳೆದು ಇಟ್ಟ ಹಾಗೆ. ಪೂರ್ತಿ ಬಗ್ಗಿ 20 ನಿಮಿಷ ಕೂತವರ ಬೆನ್ನು, ಎದ್ದು ಅರ್ಧ ಗಂಟೆ ಆದ್ಮೇಲೂ ಪೂರ್ತಿ ಮೊದಲಿನ ಸ್ಥಿತಿಗೆ ಬಂದಿರಲ್ಲ ಅಂತ ಪರೀಕ್ಷೆ ಮಾಡಿ ನೋಡಿದ್ದಾರೆ. ಆ ಹೊತ್ತಿನಲ್ಲಿ ಬೆನ್ನಿಗೆ ಭದ್ರ ಇರಲ್ಲ. ನಾನು ಒಂದೂವರೆ ಗಂಟೆ ಬಗ್ಗಿದ್ದು, ಎದ್ದ ತಕ್ಷಣ ಮೂಟೆ ಎತ್ತಿದ್ದು ಇಂಥ ಹೊತ್ತಿನಲ್ಲೇ. ತಪ್ಪು ಮೂಟೆಯದ್ದಲ್ಲ.

ಮೂರನೇದು, ಬೆಳಗಿನ ಹೊತ್ತು. ರಾತ್ರಿ ಮಲಗಿದಾಗ ಡಿಸ್ಕ್‌ಗಳು ನೀರು ಹೀರಿಕೊಂಡು ಊದಿಕೊಳ್ತವೆ. ಅದಕ್ಕೇ ಬೆಳಗ್ಗೆ ಎದ್ದಾಗ ನಾವು ರಾತ್ರಿಗಿಂತ ಒಂದೂವರೆ ಸೆಂಟಿಮೀಟರ್‌ನಷ್ಟು ಎತ್ತರ ಇರ್ತೀವಿ. ತುಂಬಿದ ಬಲೂನ್ ಬಗ್ಗಿಸೋದು ಕಷ್ಟ. ಹಾಗೇ ಎದ್ದ ಮೊದಲ ಒಂದು ಗಂಟೆ ಬಗ್ಗಿದ್ರೆ ಡಿಸ್ಕ್ ಮೇಲೆ ಬೀಳೋ ಒತ್ತಡ ಹೆಚ್ಚು. ನಾವು ಮಾಡೋದೇನು? ಎದ್ದು ಕಾಫಿ ಕುಡಿದು ನೇರ ಹೊಲಕ್ಕಿಳಿದು ಬಗ್ಗೋದು.

ಹೊಲದಲ್ಲೇ ಬದಲಿಸಬೇಕಾದ್ದು

ವ್ಯಾಯಾಮಕ್ಕಿಂತ ಮೊದಲು ಇದನ್ನೇ ಹೇಳ್ತೀನಿ. ದಿನಕ್ಕೆ ಎಂಟು ಗಂಟೆ ಬೆನ್ನು ಕೆಡಿಸಿ, 15 ನಿಮಿಷ ವ್ಯಾಯಾಮ ಮಾಡಿದ್ರೆ ಲೆಕ್ಕ ಸರಿ ಹೋಗಲ್ಲ.

*20 ನಿಮಿಷಕ್ಕೊಮ್ಮೆ ಏಳಿ.* ಮೊಬೈಲ್‌ನಲ್ಲಿ 20 ನಿಮಿಷಕ್ಕೆ ಟೈಮರ್ ಇಡಿ. ಶಬ್ದ ಬಂದ ತಕ್ಷಣ ಎದ್ದು ನಿಂತು, ಎರಡೂ ಅಂಗೈ ಸೊಂಟದ ಹಿಂದೆ ಇಟ್ಟು, ಮಂಡಿ ಬಗ್ಗಿಸದೆ ನಿಧಾನಕ್ಕೆ ಹಿಂದಕ್ಕೆ ಬಾಗಿ. ಐದು ಸಲ ಸಾಕು. ಅರ್ಧ ನಿಮಿಷದ ಕೆಲಸ. ಗಂಟೆಗೆ ಮೂರು ಸಲ ಅಂದ್ರೂ ಎಂಟು ಗಂಟೆಗೆ ಹನ್ನೆರಡು ನಿಮಿಷ ಹೋಗುತ್ತೆ ಅಷ್ಟೇ. ನನಗೆ ಹಾಸಿಗೆಯಲ್ಲಿ ಮೂರು ದಿನ ಹೋಗಿತ್ತು.

*ಬಗ್ಗೋ ಕೆಲಸ ಮುಗಿಸಿ ತಕ್ಷಣ ಭಾರ ಎತ್ತಬೇಡಿ.* ಎದ್ದು ಐದು ನಿಮಿಷ ಓಡಾಡಿ, ನೀರು ಕುಡೀರಿ, ಆಮೇಲೆ ಎತ್ತಿ. ಟಿಲ್ಲರ್, ಟ್ರ್ಯಾಕ್ಟರ್ ಓಡಿಸಿ ಇಳಿದಾಗಲೂ, ಬೈಕಲ್ಲಿ ಗುಂಡಿ ರಸ್ತೆಯಲ್ಲಿ ಬಂದು ಇಳಿದಾಗಲೂ ಇದೇ ನಿಯಮ.

*ಬೆಳಗಿನ ಮೊದಲ ಗಂಟೆ ನಿಂತು ಮಾಡೋ ಕೆಲಸ ಇಟ್ಕೊಳ್ಳಿ.* ಡ್ರಿಪ್ ವಾಲ್ವ್ ತಿರುಗಿಸೋದು, ಸಾಲು ಸುತ್ತಿ ರೋಗ-ಕೀಟ ನೋಡೋದು, ಜೀವಾಮೃತದ ಡ್ರಮ್ ತಿರುವೋದು, ಬಾಳೆ ಎಲೆ ಕತ್ತರಿಸೋದು. ಕಳೆ, ಕೊಯ್ಲು ಆಮೇಲೆ. ಹಾಲು ಕರೆಯೋದು ಬೆಳಗ್ಗೆನೇ ಆಗಬೇಕು ನಿಜ. ಕುಕ್ಕರಗಾಲಲ್ಲಿ ಬಗ್ಗಿ ಕೂರೋ ಬದಲು ಗಿಡ್ಡ ಸ್ಟೂಲ್ ಹಾಕ್ಕೊಂಡು, ಹಸುವಿಗೆ ಹತ್ತಿರ ಕೂತ್ಕೊಳ್ಳಿ.

*ಎತ್ತೋ ರೀತಿ.* ಒಂದು ಕಾಲು ಸ್ವಲ್ಪ ಮುಂದಿಟ್ಟು, ಮಂಡಿ ಮತ್ತು ತೊಡೆಸಂದು ಮಡಿಸಿ, ಕ್ರೇಟನ್ನ ಮೈಗೆ ಎಳ್ಕೊಂಡು ಎದ್ದೇಳಿ. ಎತ್ತಿದ ಮೇಲೆ ಸೊಂಟ ತಿರುಚಬೇಡಿ, ಪಾದ ಎತ್ತಿಟ್ಟು ಇಡೀ ಮೈ ತಿರುಗಿಸಿ. ಕೆಲಸಗಾರರ ಸುರಕ್ಷತೆಗೆ ಅಂತ ಅಮೆರಿಕದಲ್ಲಿರೋ ನಿಯೋಶ್ ಸಂಸ್ಥೆ, ಎಲ್ಲಾ ಅನುಕೂಲ ಇರೋ ಕಡೆನೂ ಒಬ್ಬರು ಕೈಯಲ್ಲಿ ಎತ್ತೋ ಭಾರಕ್ಕೆ 23 ಕೆಜಿ ಮಿತಿ ಇಟ್ಟಿದೆ. ನಮ್ಮ ಯೂರಿಯಾ ಚೀಲ 45 ಕೆಜಿ, ಡಿಎಪಿ 50 ಕೆಜಿ. ತೆರಕಣಾಂಬಿ ಮಾರುಕಟ್ಟೆಗೆ ಹೋಗೋ ಟೊಮ್ಯಾಟೊ ಕ್ರೇಟ್ ಕೂಡ ಆ ಮಿತಿ ದಾಟುತ್ತೆ. ಚೀಲ ಇಬ್ಬರು ಎತ್ತಿ. ಗಾಡಿಗೆ ಲೋಡ್ ಮಾಡೋ ಕಡೆ ಸೊಂಟದೆತ್ತರಕ್ಕೆ ಒಂದು ಕಲ್ಲುಕಟ್ಟೆ ಕಟ್ಟಿಸಿ. ಕ್ರೇಟ್ ನೆಲಕ್ಕೆ ಇಳಿಯದ ಹಾಗೆ ನೋಡ್ಕೊಂಡ್ರೆ ಅರ್ಧ ಕಷ್ಟ ಅಲ್ಲೇ ತಪ್ಪುತ್ತೆ.

*ಸ್ಪ್ರೇಯರ್.* 16 ಲೀಟರ್ ಕ್ಯಾನ್ ತುಂಬಿಸಿದ್ರೆ ನೀರೇ 16 ಕೆಜಿ, ಅದರ ಮೇಲೆ ಬ್ಯಾಟರಿ, ಕ್ಯಾನ್ ತೂಕ. 10 ಲೀಟರ್ ಮಾತ್ರ ತುಂಬಿಸಿ, ಒಂದು ಸುತ್ತು ಹೆಚ್ಚು ಹೋಗಿ. ನೆಲದಿಂದ ಬೆನ್ನಿಗೆ ಎಳ್ಕೋಬೇಡಿ, ಕಟ್ಟೆ ಮೇಲಿಟ್ಟು ಹಾಕ್ಕೊಳ್ಳಿ. ಪಟ್ಟಿ ಎರಡೂ ಭುಜಕ್ಕೆ ಸಮ ಇರಲಿ.

ಹಿಡಿ ಉದ್ದ ಆಗಲಿ

ಇಲ್ಲೊಂದು ಹಳೇ ಕಥೆ ಹೇಳಬೇಕು. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಲೆಟ್ಯೂಸ್, ಬೀಟ್ ಹೊಲಗಳಲ್ಲಿ ಕೂಲಿಯವರಿಗೆ ಮೊಳದುದ್ದ ಹಿಡಿ ಇರೋ ಗುದ್ದಲಿ ಕೊಡ್ತಿದ್ರು. ಬಹುಪಾಲು ಮೆಕ್ಸಿಕೋ ಮೂಲದ ಕೂಲಿಕಾರರು. ದಿನವಿಡೀ ಬಗ್ಗೇ ಇರಬೇಕು. ರೈತ ಕಾರ್ಮಿಕರ ನಾಯಕ ಸೀಸರ್ ಚಾವೆಜ್ ಕೂಡ ಆ ಗುದ್ದಲಿ ಹಿಡಿದು ದುಡಿದವರೇ. ಹಿಡಿ ಉದ್ದ ಮಾಡಿದ್ರೆ ಸಸಿ ಹಾಳಾಗುತ್ತೆ, ಕೆಲಸ ನೀಟಾಗಿ ಆಗಲ್ಲ ಅಂತ ಮಾಲೀಕರು ವಾದ ಮಾಡಿದ್ರು. ಕೂಲಿಕಾರರ ಪರ ವಕೀಲರು ವರ್ಷಗಟ್ಟಲೆ ಹೋರಾಡಿದ ಮೇಲೆ 1975ರಲ್ಲಿ ಅಲ್ಲಿನ ಸರ್ಕಾರ ಆ ಗಿಡ್ಡ ಗುದ್ದಲಿಯನ್ನೇ ನಿಷೇಧ ಮಾಡ್ತು. ಉದ್ದ ಹಿಡಿ ಬಂತು, ಬೆಳೆ ಏನೂ ಹಾಳಾಗಲಿಲ್ಲ.

ನಮ್ಮ ಕಳೆ ಕುಡುಗೋಲಿನ ಹಿಡಿ ಇವತ್ತಿಗೂ ಗೇಣುದ್ದ. ಹಿಡಿಯೋರು ಹೆಚ್ಚಾಗಿ ಹೆಂಗಸರು. ನನ್ನಂಥ ಸಾವಯವದವರು ಕಳೆನಾಶಕ ಹೊಡೆಯಲ್ಲ ಅಂತ ಹೆಮ್ಮೆಯಿಂದ ಹೇಳ್ಕೋತೀವಿ. ಆ ಕಳೆಯನ್ನ ಯಾರೋ ಬಗ್ಗಿ ಕೀಳ್ತಾ ಇರ್ತಾರೆ ಅನ್ನೋದನ್ನ ಹೇಳಲ್ಲ. ನಾನು ಸೊಂಟ ಹಿಡ್ಕೊಂಡು ಮಲಗಿದ್ದಾಗ ನೋಡೋಕೆ ಬಂದ, ನಮ್ಮ ಹೊಲಕ್ಕೆ ಕಳೆಗೆ ಬರೋ ಅಕ್ಕ ಒಬ್ಬರು ನಕ್ಕು ಅಂದ್ರು: "ನಿಂಗ ಮೂರ್ ದಿನ ಕನಪ್ಪ, ನಮ್ಗ ಇಪ್ಪತ್ ವರ್ಸದಿಂದ ಅದ. ಮನಿಕಂಡ್ರ ಕೂಲಿ ಯಾರ್ ಕೊಟ್ಟರು?" ಅದಕ್ಕೆ ನನ್ನ ಹತ್ರ ಉತ್ತರ ಇರಲಿಲ್ಲ.

ಈಗ ನಮ್ಮ ಹೊಲದಲ್ಲಿ ಮಾಡಿರೋದು ಇಷ್ಟು. ಸಾಲಿನ ಮಧ್ಯದ ಕಳೆಗೆ ನಿಂತು ತಳ್ಳೋ ಸೈಕಲ್ ಕುಂಟೆ. ಗಿಡದ ಪಕ್ಕದ ಕಳೆಗೆ ಎದೆಮಟ್ಟದ ಹಿಡಿ ಹಾಕಿಸಿದ ಸಣ್ಣ ಎಲೆಗುದ್ದಲಿ. ಬುಡದಲ್ಲಿ ಉಳಿದದ್ದಕ್ಕೆ ಮಾತ್ರ ಕೈ. ಅರಿಶಿನ ನಾಟಿ ಆದ ಮೇಲೆ ಬಾಳೆ ತರಗು, ಹುಲ್ಲು, ಸಿಕ್ಕ ಹಸಿರೆಲೆ ಎಲ್ಲ ದಪ್ಪಗೆ ಹೊದಿಸ್ತೀವಿ. ತೇವ ಉಳಿಯುತ್ತೆ, ಕಳೆ ಕಮ್ಮಿ ಆಗುತ್ತೆ. ಕಳೆ ಕಮ್ಮಿ ಅಂದ್ರೆ ಬಗ್ಗೋದೂ ಕಮ್ಮಿ. ಮುಚ್ಚಿಗೆಯ ಈ ಲಾಭವನ್ನ ಕಾಲೇಜಲ್ಲಿ ನನಗೆ ಯಾರೂ ಹೇಳಿರಲಿಲ್ಲ.

ದಿನಕ್ಕೆ 15 ನಿಮಿಷದ ವ್ಯಾಯಾಮ

ಸಂಜೆ ಕೈಕಾಲು ತೊಳೆದ ಮೇಲೆ, ಅಥವಾ ಬೆಳಗ್ಗೆ ಎದ್ದು ಒಂದು ಗಂಟೆ ಓಡಾಡಿದ ಮೇಲೆ ಮಾಡಿ. ಎದ್ದ ತಕ್ಷಣ ಬೇಡ. ಚಾಪೆ ಒಂದು ಸಾಕು. ಉಸಿರು ಕಟ್ಟಬೇಡಿ.

1. ಬೆಕ್ಕಿನ ಭಂಗಿ (ಮಾರ್ಜಾರಾಸನ): ಅಂಗೈ, ಮಂಡಿ ಊರಿ ನಿಲ್ಲಿ. ಬೆನ್ನು ನಿಧಾನಕ್ಕೆ ಮೇಲೆ ಗೂನು ಮಾಡಿ, ಆಮೇಲೆ ಕೆಳಕ್ಕೆ ಬಿಡಿ. 6ರಿಂದ 8 ಸಲ. ಇದು ಬರೀ ಬೆನ್ನು ಸಡಿಲಿಸೋದಕ್ಕೆ, ಜೋರಾಗಿ ಒತ್ತಬೇಡಿ.

2. ಅರ್ಧ ಭುಜಂಗಾಸನ: ಬೋರಲು ಮಲಗಿ, ಮೊಣಕೈ ಊರಿ ಎದೆ ಎತ್ತಿ. ಸೊಂಟ ಚಾಪೆಗೆ ತಾಗಿರಲಿ. ಎರಡು ಉಸಿರಿನಷ್ಟು ಹೊತ್ತು ಇದ್ದು ಇಳೀರಿ. 10 ಸಲ. ದಿನವಿಡೀ ಮುಂದಕ್ಕೆ ಬಗ್ಗಿದ ಬೆನ್ನಿಗೆ ಇದು ಎದುರು ದಿಕ್ಕಿನ ಚಲನೆ.

3. ಸೇತುಬಂಧಾಸನ: ಅಂಗಾತ ಮಲಗಿ, ಮಂಡಿ ಮಡಿಸಿ, ಪಾದ ಊರಿ. ಪೃಷ್ಠ ಬಿಗಿಮಾಡಿ ಸೊಂಟ ಎತ್ತಿ, 5 ಸೆಕೆಂಡ್ ಹಿಡಿದು ಇಳಿಸಿ. 10 ಸಲ. ಭಾರ ಎತ್ತೋವಾಗ ಬೆನ್ನಿನ ಬದಲು ಕೆಲಸ ಮಾಡಬೇಕಾದ ಸ್ನಾಯುಗಳು ಇವೇ.

4. ಕೈ-ಕಾಲು ಚಾಚೋದು: ಮತ್ತೆ ಅಂಗೈ, ಮಂಡಿ ಊರಿ. ಬಲಗೈ ಮುಂದಕ್ಕೆ, ಎಡಗಾಲು ಹಿಂದಕ್ಕೆ ಚಾಚಿ 8 ಸೆಕೆಂಡ್ ಹಿಡೀರಿ. ಬೆನ್ನ ಮೇಲೆ ನೀರಿನ ಲೋಟ ಇಟ್ಟಿದ್ರೆ ಚೆಲ್ಲಬಾರದು, ಅಷ್ಟು ಸ್ಥಿರ ಇರಲಿ. ಒಂದೊಂದು ಕಡೆಗೆ 5 ಸಲ.

5. ಪಕ್ಕದ ಹಲಗೆ: ಪಕ್ಕಕ್ಕೆ ಮಲಗಿ, ಮಂಡಿ ಮಡಿಸಿ, ಮೊಣಕೈ ಊರಿ ಸೊಂಟ ಎತ್ತಿ. 10 ಸೆಕೆಂಡ್. ಒಂದೊಂದು ಕಡೆಗೆ 3 ಸಲ. ಒಂದೇ ಕೈಯಲ್ಲಿ ಕೊಡ, ಕ್ಯಾನ್ ಹೊರೋರಿಗೆ ಇದು ಬೇಕೇ ಬೇಕು.

6. ತೊಡೆ ಹಿಂಭಾಗ ಎಳೆಯೋದು: ಅಂಗಾತ ಮಲಗಿ ಒಂದು ಪಾದಕ್ಕೆ ಟವೆಲ್ ಸಿಕ್ಕಿಸಿ, ಕಾಲು ನೆಟ್ಟಗೆ ಮೇಲೆತ್ತಿ. ಹಿತವಾಗಿ ಎಳೆತ ಬರೋ ತನಕ ಮಾತ್ರ. 30 ಸೆಕೆಂಡ್, ಎರಡೂ ಕಾಲಿಗೆ ಎರಡೆರಡು ಸಲ. ಈ ಸ್ನಾಯು ಬಿಗಿ ಇದ್ರೆ ಬಗ್ಗೋವಾಗ ಪೂರ್ತಿ ಬಾಗು ಸೊಂಟದ ಮೇಲೇ ಬೀಳುತ್ತೆ.

ಮಾಡೋವಾಗ ಒಂದು ಗುರುತು ನೆನಪಿರಲಿ. ಕಾಲಿನವರೆಗೆ ಇದ್ದ ನೋವು ಮೇಲೇರಿ ಸೊಂಟದಲ್ಲಿ ಮಾತ್ರ ಉಳಿದ್ರೆ ಒಳ್ಳೇದು, ಮುಂದುವರಿಸಿ. ಸೊಂಟದಲ್ಲಿದ್ದ ನೋವು ತೊಡೆ, ಮೀನಖಂಡದ ಕಡೆಗೆ ಇಳಿದ್ರೆ ಆ ವ್ಯಾಯಾಮ ನಿಲ್ಲಿಸಿ. ವಾರದಲ್ಲಿ ಗುಣ ಕಾಣಲ್ಲ. ಆರರಿಂದ ಎಂಟು ವಾರ ಬಿಡದೆ ಮಾಡಿ. ಇದರ ಜೊತೆ ದಿನಾ ಅರ್ಧ ಗಂಟೆ ಬಿರುಸಾದ ನಡಿಗೆ. ಹೊಲದಲ್ಲಿ ಓಡಾಡಿದ್ದೇ ಸಾಕು ಅನ್ಬೇಡಿ, ಅದು ನಿಂತು ನಿಂತು ನಡೆಯೋದು.

ರಾತ್ರಿ ಹಾಸಿಗೆಯಲ್ಲಿ ಕುತ್ತಿಗೆ ಬಗ್ಗಿಸಿ ಗಂಟೆಗಟ್ಟಲೆ ರೀಲ್ಸ್ ನೋಡೋ ಅಭ್ಯಾಸ ಇದ್ರೆ ಅದೂ ಬಗ್ಗೋ ಕೆಲಸವೇ, ಕೂಲಿ ಇಲ್ಲ ಅಷ್ಟೇ. ಫೋನ್ ಕಣ್ಣಿನ ಮಟ್ಟಕ್ಕೆ ಎತ್ತಿ. ಮಲಗೋವಾಗ ಪಕ್ಕಕ್ಕೆ ತಿರುಗಿ ಮಂಡಿಗಳ ಮಧ್ಯೆ ದಿಂಬು ಇಟ್ಕೊಂಡ್ರೆ ಸೊಂಟಕ್ಕೆ ಆರಾಮ.

ಹಿಡ್ಕೊಂಡಾಗ ಏನು ಮಾಡೋದು, ಏನು ಬೇಡ

ನಾನು ಮಾಡಿದ ದೊಡ್ಡ ತಪ್ಪು ಮೂರು ದಿನ ಅಲುಗಾಡದೆ ಮಲಗಿದ್ದು. ಬೇಕಿದ್ರೆ ಒಂದು ದಿನ ಆರಾಮ ಮಾಡಿ, ಆಮೇಲೆ ತಡ್ಕೊಳ್ಳೋಷ್ಟು ಓಡಾಡ್ತಾ ಇರಿ. ಮಲಗಿದಷ್ಟೂ ಸ್ನಾಯು ಸೋಲುತ್ತೆ, ಗುಣ ತಡವಾಗುತ್ತೆ. ಬಿಸಿನೀರಿನ ಕಾವು ಕೊಡಬಹುದು. ಬಹಳಷ್ಟು ಜನಕ್ಕೆ ಆರು ವಾರದೊಳಗೆ ನೋವು ಇಳಿಯುತ್ತೆ.

ಎರಡನೇ ತಪ್ಪು, ಅಂಗಡಿಯಲ್ಲಿ ಕೇಳಿ ನೋವಿನ ಮಾತ್ರೆ ತಗೊಂಡು ಮತ್ತೆ ಬಿಸಿಲಿಗೆ ಇಳಿದಿದ್ದು. ನೋವು ಕಾಣಲ್ಲ, ಪೆಟ್ಟು ಮುಂದುವರಿಯುತ್ತೆ. ನೀರು ಕಮ್ಮಿ ಕುಡಿದು, ಬೆವರು ಸುರಿಸಿ, ದಿನಾ ಡೈಕ್ಲೋಫೆನಾಕ್‌ನಂಥ ಮಾತ್ರೆ ನುಂಗಿದ್ರೆ ಹೊಟ್ಟೆ ಹುಣ್ಣು, ಕಿಡ್ನಿ ತೊಂದರೆ ಬರಬಹುದು. ವೈದ್ಯರು ಬರೆದುಕೊಟ್ಟಷ್ಟು ದಿನ ಮಾತ್ರ ತಗೊಳ್ಳಿ. ಸೊಂಟಕ್ಕೆ ಕಟ್ಟೋ ಬೆಲ್ಟನ್ನೂ ತಿಂಗಳುಗಟ್ಟಲೆ ನೆಚ್ಚಬೇಡಿ. ದೀರ್ಘಕಾಲದ ಸೊಂಟ ನೋವಿಗೆ ವಿಶ್ವ ಆರೋಗ್ಯ ಸಂಸ್ಥೆ 2023ರ ಡಿಸೆಂಬರ್‌ನಲ್ಲಿ ಕೊಟ್ಟ ಮಾರ್ಗಸೂಚಿಯಲ್ಲಿ ವ್ಯಾಯಾಮ ಮಾಡಿ ಅಂತಿದೆ, ಬೆಲ್ಟ್ ವಾಡಿಕೆಯಾಗಿ ಬೇಡ ಅಂತಿದೆ.

ಎಂಆರ್‌ಐ ತೆಗೆಸಿ "ಡಿಸ್ಕ್ ಉಬ್ಬಿದೆ" ಅಂತ ಬಂದ್ರೆ ಜೀವನವೇ ಮುಗೀತು ಅನ್ಕೋಬೇಡಿ. ನೋವೇ ಇಲ್ಲದ ಇಪ್ಪತ್ತರ ವಯಸ್ಸಿನವರಲ್ಲೂ ನೂರಕ್ಕೆ ಸುಮಾರು 30 ಜನರ ಡಿಸ್ಕ್ ಹೀಗೇ ಕಾಣುತ್ತೆ. ಫೋಟೋಗಿಂತ ನಿಮ್ಮ ಕಾಲಿನ ಬಲ, ಸ್ಪರ್ಶ, ನಡಿಗೆ ಹೇಗಿದೆ ಅನ್ನೋದು ಮುಖ್ಯ.

ತಡ ಮಾಡದೆ ಆಸ್ಪತ್ರೆಗೆ ಹೋಗಬೇಕಾದ ಗುರುತುಗಳು

- ಮೂತ್ರ, ಮಲದ ಮೇಲೆ ಹಿಡಿತ ತಪ್ಪಿದ್ರೆ, ಮೂತ್ರ ಕಟ್ಟಿದ್ರೆ, ತೊಡೆಸಂದು-ಗುಪ್ತಾಂಗದ ಸುತ್ತ ಜೋಮು ಬಂದ್ರೆ ಅದೇ ದಿನ, ಅದೇ ಗಂಟೆ ಹೊರಡಿ. ಇದು ತುರ್ತು.
- ಕಾಲಿನ ಬಲ ಕಮ್ಮಿಯಾಗ್ತಾ ಇದ್ರೆ, ಪಾದ ಎಳೆಯುವಂತಾದ್ರೆ.
- ಮರದಿಂದ, ಟ್ರ್ಯಾಕ್ಟರ್‌ನಿಂದ, ಬೈಕ್‌ನಿಂದ ಬಿದ್ದ ಮೇಲೆ ನೋವು ಬಂದಿದ್ರೆ.
- ಸಂಜೆ ಜ್ವರ, ತೂಕ ಇಳಿಯೋದು, ಮಲಗಿದ್ರೂ ಬಿಡದ ರಾತ್ರಿ ನೋವು. ಬೆನ್ನುಮೂಳೆಗೂ ಕ್ಷಯ ಬರುತ್ತೆ.
- ಹಸು, ಕುರಿ ಸಾಕೋರಿಗೆ ಬಿಟ್ಟು ಬಿಟ್ಟು ಜ್ವರ, ಬೆವರು, ಕೀಲು ನೋವಿನ ಜೊತೆ ಸೊಂಟ ನೋವಿದ್ರೆ. ಕಂದು ಹಾಕಿದ ಹಸುವಿನ ಮಾಸು ಮುಟ್ಟಿದ್ದು, ಹಸಿ ಹಾಲು ಕುಡಿದದ್ದು ಇದ್ರೆ ವೈದ್ಯರಿಗೆ ಹೇಳಿ. ಬ್ರುಸೆಲ್ಲಾ ರೋಗ ಹೀಗೇ ಕಾಣಿಸಿಕೊಳ್ಳುತ್ತೆ.
- ನಲವತ್ತರೊಳಗಿನವರಿಗೆ ಮೂರು ತಿಂಗಳಿಗೂ ಮೀರಿದ ನೋವು, ಬೆಳಗ್ಗೆ ಅರ್ಧ ಗಂಟೆಗೂ ಹೆಚ್ಚು ಬಿಗಿತ, ಓಡಾಡಿದ್ರೆ ಕಮ್ಮಿ, ಮಲಗಿದ್ರೆ ಹೆಚ್ಚು ಅನ್ನೋ ಹಾಗಿದ್ರೆ ಅದು ದುಡಿಮೆ ನೋವಲ್ಲದೆ ಸಂಧಿವಾತವೂ ಇರಬಹುದು.

ಇಂಥ ಗುರುತು ಕಂಡ್ರೆ ಉಳುಕು ತೆಗೆಸೋಕೆ, ತುಳಿಸೋಕೆ ಹೋಗಬೇಡಿ. ಗುಂಡ್ಲುಪೇಟೆ ತಾಲ್ಲೂಕು ಆಸ್ಪತ್ರೆಯಲ್ಲಿ ತೋರಿಸಿ, ಇಲ್ಲಾಂದ್ರೆ ಚಾಮರಾಜನಗರದ ಸಿಮ್ಸ್ ವೈದ್ಯಕೀಯ ಕಾಲೇಜು ಆಸ್ಪತ್ರೆಯಲ್ಲಿ ಮೂಳೆ ವೈದ್ಯರನ್ನ ನೋಡಿ.

ಕೊನೆಗೊಂದು ಮಾತು

ನಮ್ಮ ಕಡೆ ಕೆಲಸದ ಮಧ್ಯೆ ಬೆನ್ನು ನೆಟ್ಟಗೆ ಮಾಡಿ ನಿಂತ್ರೆ ಮೈಗಳ್ಳ ಅಂತಾರೆ. ಆ ಮಾತಿಗೆ ಹೆದರಿ ತಲೆ ಎತ್ತದೆ ದುಡಿದು, ನಲವತ್ತಕ್ಕೇ ಹೊಲ ಗುತ್ತಿಗೆಗೆ ಕೊಟ್ಟವರನ್ನ ನೀವೂ ನೋಡಿರ್ತೀರಿ. 20 ನಿಮಿಷಕ್ಕೊಮ್ಮೆ ಏಳೋ ನಿಯಮ ನಾನು ಮೊದಲು ನನಗಷ್ಟೇ ಇಟ್ಕೊಂಡಿದ್ದೆ. ಈಗ ಟೈಮರ್ ಹೊಡೆದ್ರೆ ಸಾಲಲ್ಲಿರೋ ಎಲ್ಲರೂ ಏಳ್ತಾರೆ, ಕೂಲಿ ಕಡಿಯಲ್ಲ. ಸಂಜೆ ಅಳೆದು ನೋಡಿದ್ರೆ ಮುಗಿದ ಸಾಲು ಮೊದಲಿಗಿಂತ ಕಮ್ಮಿ ಏನಿಲ್ಲ. ಮಧ್ಯಾಹ್ನದ ಮೇಲೆ ಕೈ ನಿಧಾನ ಆಗೋದು ತಪ್ಪಿದೆ.

ಈ ವಾರ ಎರಡೇ ಕೆಲಸ ಮಾಡಿ. ಮೊಬೈಲ್‌ನಲ್ಲಿ 20 ನಿಮಿಷದ ಟೈಮರ್ ಇಡಿ. ಹತ್ತಿರದ ಕುಲುಮೆಗೆ ಹೋಗಿ ಒಂದು ಎಲೆಗುದ್ದಲಿಗೆ ಎದೆಮಟ್ಟದ ಹಿಡಿ ಹಾಕಿಸಿ. ಆ ಗುದ್ದಲಿಯನ್ನ ಮೊದಲು ನಿಮ್ಮ ಹೊಲಕ್ಕೆ ಕಳೆಗೆ ಬರೋ ಅಕ್ಕನ ಕೈಗೆ ಕೊಡಿ.